ಕಲ್ಲಿದ್ದಲಿಲ್ಲದ ನಾಡಿನ ಕಬ್ಬಿಣದ ಊರು: ಭದ್ರಾವತಿಯನ್ನು ನೋಡುವ ಬಗೆ

ಬೆಂಗಳೂರಿನಿಂದ ಜೋಗಕ್ಕೋ ಸಿಗಂದೂರಿಗೋ ಹೊರಟವರು ತರೀಕೆರೆ ದಾಟಿದ ಮೇಲೆ ಶಿವಮೊಗ್ಗ ಇನ್ನೆಷ್ಟು ದೂರ ಎಂದು ಕೇಳುತ್ತಾರೆ. ನಡುವೆ ಸಿಗುವ ಭದ್ರಾವತಿಯಲ್ಲಿ ಇಳಿದು ನೋಡುವವರು ತೀರ ಕಡಿಮೆ. ಮಲೆನಾಡಿನ ಅಂಚಿನಲ್ಲಿ, ಭದ್ರಾ ನದಿಯ ಎರಡೂ ದಡಗಳಲ್ಲಿ ಹರಡಿಕೊಂಡಿರುವ ಒಂದೂವರೆ ಲಕ್ಷ ಜನರ ಈ ಊರನ್ನು ಪ್ರವಾಸಿ ತಾಣ ಎಂದು ಯಾರೂ ಕರೆಯುವುದಿಲ್ಲ. ಆದರೂ ಕರ್ನಾಟಕ ಹೇಗೆ ಕೈಗಾರಿಕಾ ರಾಜ್ಯವಾಯಿತು, ಅದಕ್ಕೆ ಕಾಡು, ನದಿ ಮತ್ತು ಜನ ಏನೇನು ಕೊಟ್ಟರು ಎಂಬುದನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಊರು ನಮ್ಮಲ್ಲಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಸುಮ್ಮನೆ ಸುತ್ತಿದರೆ ಇಲ್ಲಿ ಕಾಣುವುದು ಕಾರ್ಖಾನೆಯ ಉದ್ದನೆಯ ಗೋಡೆ, ಸಾಲು ಮನೆಗಳು, ಸೇತುವೆ ಮತ್ತು ಒಂದು ಹಳೆಯ ದೇವಸ್ಥಾನ, ಇಷ್ಟೇ. ಅವನ್ನೆಲ್ಲ ಒಂದು ಎಳೆಯಲ್ಲಿ ಪೋಣಿಸಲು ಒಂದು ಪ್ರಶ್ನೆ ಬೇಕು. ನೂರು ವರ್ಷಗಳಿಂದ ಈ ಊರು ಮೂರು ಸಲ ಬೇರೆ ಬೇರೆ ಉತ್ತರ ಹುಡುಕಿದ ಆ ಪ್ರಶ್ನೆ ಇದು: ಕಲ್ಲಿದ್ದಲೇ ಇಲ್ಲದ ನಾಡಿನಲ್ಲಿ ಕಬ್ಬಿಣ ಮಾಡುವುದು ಹೇಗೆ?

ಕಬ್ಬಿಣದ ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕ ಬಿಗಿಯಾಗಿ ಅಂಟಿಕೊಂಡಿರುವ ಕಲ್ಲು. ಅದರಿಂದ ಲೋಹ ಬೇರ್ಪಡಬೇಕಾದರೆ ಎರಡು ಕೆಲಸ ಆಗಬೇಕು. ಒಂದು, ಕಲ್ಲು ಕರಗುವಷ್ಟು ಶಾಖ. ಇನ್ನೊಂದು, ಆಮ್ಲಜನಕವನ್ನು ಕಬ್ಬಿಣದಿಂದ ಕಿತ್ತುಕೊಂಡು ಹೋಗುವ ವಸ್ತು. ಇಂಗಾಲ ಈ ಎರಡನ್ನೂ ಮಾಡುತ್ತದೆ: ಉರಿದು ಶಾಖ ಕೊಡುತ್ತದೆ, ಆಮ್ಲಜನಕವನ್ನು ಸೆಳೆದುಕೊಂಡು ಅನಿಲವಾಗಿ ಹೊರಟುಹೋಗುತ್ತದೆ. ಪ್ರಪಂಚದ ದೊಡ್ಡ ಊದುಕುಲುಮೆಗಳು, ಅಂದರೆ ಗಾಳಿ ಊದಿ ಅದಿರು ಕರಗಿಸುವ ಎತ್ತರದ ಕುಲುಮೆಗಳು, ಇಂಗಾಲಕ್ಕಾಗಿ ಕೋಕ್ ಬಳಸುತ್ತವೆ. ಕೋಕ್ ಎಂದರೆ ಕೆಲವು ಜಾತಿಯ ಕಲ್ಲಿದ್ದಲನ್ನು ಗಾಳಿಯಿಲ್ಲದೆ ಬೇಯಿಸಿ ಪಡೆದ ಗಟ್ಟಿ ಇಂಧನ. ಟಾಟಾ ಕಾರ್ಖಾನೆ ಜಮ್‌ಶೆಡ್‌ಪುರದಲ್ಲಿ ನೆಲೆ ನಿಂತದ್ದಕ್ಕೆ ಝರಿಯಾದ ಕಲ್ಲಿದ್ದಲು ಹತ್ತಿರದಲ್ಲಿದ್ದದ್ದು ದೊಡ್ಡ ಕಾರಣ. ಮೈಸೂರು ಸಂಸ್ಥಾನದಲ್ಲಿ ಒಳ್ಳೆಯ ಅದಿರಿತ್ತು, ಕಲ್ಲಿದ್ದಲು ಮಾತ್ರ ಎಲ್ಲಿಯೂ ಇರಲಿಲ್ಲ. ಸಾವಿರಾರು ಕಿಲೋಮೀಟರ್ ದೂರದಿಂದ ರೈಲಿನಲ್ಲಿ ತರಿಸಿದರೆ ಕಬ್ಬಿಣಕ್ಕಿಂತ ಸಾಗಣೆಯೇ ದುಬಾರಿ.

ಸಂಸ್ಥಾನ ಕಂಡುಕೊಂಡ ಮೊದಲ ಉತ್ತರ ಕಾಡು. ಕಟ್ಟಿಗೆಯನ್ನು ಸುಟ್ಟು ಮಾಡಿದ ಇದ್ದಿಲೂ ಇಂಗಾಲವೇ. ಅದರಲ್ಲಿ ಗಂಧಕವೂ ರಂಜಕವೂ ಕಡಿಮೆ ಇರುವುದರಿಂದ ಇದ್ದಿಲಿನ ಕುಲುಮೆಯಿಂದ ಹೊರಬರುವ ಬೀಡು ಕಬ್ಬಿಣ (ಉಕ್ಕಾಗುವ ಮೊದಲಿನ ಕಚ್ಚಾ ಕಬ್ಬಿಣ) ಹೆಚ್ಚು ಶುದ್ಧವಾಗಿರುತ್ತದೆ. ಈಗ ಭೂಪಟ ತೆರೆದು ನೋಡಿ. ದಕ್ಷಿಣಕ್ಕೆ ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರು. ಅದರೊಳಗಿನ ಕಲ್ಮಶವನ್ನು ಕಿಟ್ಟವಾಗಿ ಬೇರ್ಪಡಿಸಲು ಬೇಕಾದ ಸುಣ್ಣಕಲ್ಲು ಭಂಡಿಗುಡ್ಡದಲ್ಲಿ. ಪಶ್ಚಿಮಕ್ಕೆ ದಟ್ಟ ಮಲೆನಾಡಿನ ಕಾಡು. ನಡುವೆ ಬೇಸಿಗೆಯಲ್ಲೂ ಬತ್ತದ ಭದ್ರಾ. ಬೀರೂರಿನಿಂದ ಶಿವಮೊಗ್ಗಕ್ಕೆ ಆಗಲೇ ಹಾಕಿದ್ದ ರೈಲು ಹಳಿ. ಇವೆಲ್ಲ ಕೂಡುವ ಜಾಗದಲ್ಲಿ ಬೆಂಕಿಪುರ ಎಂಬ ಸಣ್ಣ ಊರಿತ್ತು. ಅದೇ ಇಂದಿನ ಭದ್ರಾವತಿ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಯೋಜನೆ ರೂಪುಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಹಣ ಹೂಡಿತು. 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತೂಗುತ್ತ ತಪ್ಪಲಿನ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಹಳಿಯ ಮೇಲೆ ಕಾರ್ಖಾನೆಗೆ ಬರುತ್ತಿತ್ತು. ಕಾಡಿನೊಳಕ್ಕೆ ಟ್ರಾಮ್ ಹಳಿಗಳು ಚಾಚಿಕೊಂಡವು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಸೌದೆ ಬೇಕು. ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಕುಲುಮೆಯೋ ಒಮ್ಮೆ ಹೊತ್ತಿಸಿದರೆ ಹಗಲು ರಾತ್ರಿ ಆರದೆ ಉರಿಯಲೇಬೇಕಾದದ್ದು. ಈ ಲೆಕ್ಕವನ್ನು ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಬಿಡಿಸುತ್ತ ಹೋದರೆ ಕಾಡಿನ ಎಷ್ಟು ಭಾಗ ಈ ಬಾಯಿಗೆ ಇಳಿಯಿತೆಂಬುದು ತಾನಾಗಿಯೇ ಹೊಳೆಯುತ್ತದೆ.

ಇಲ್ಲಿ ಒಂದು ಜಾಣ ಉಪಾಯವೂ ಇತ್ತು. ಸೌದೆಯನ್ನು ಬಯಲಿನಲ್ಲಿ ಸುಟ್ಟು ಹೊಗೆಯನ್ನು ಗಾಳಿಗೆ ಬಿಡುವ ಬದಲು, ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಅದರ ಆವಿಯನ್ನು ಭಟ್ಟಿ ಇಳಿಸಿದರೆ ಮಿಥೈಲ್ ಆಲ್ಕೋಹಾಲ್, ಅಸಿಟೇಟ್, ಟಾರು ಸಿಗುತ್ತವೆ. ಇವನ್ನು ಮಾರಿದ ಹಣದಿಂದ ಇದ್ದಿಲಿನ ಖರ್ಚು ಇಳಿಯುತ್ತದೆ ಎಂಬುದು ಯೋಜನೆ. ಹೀಗಾಗಿ ಕಾರ್ಖಾನೆಯ ಮೊದಲ ಹೆಸರಿನಲ್ಲೇ ಕಟ್ಟಿಗೆಯ ಭಟ್ಟಿಯೂ ಸೇರಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಈ ರಾಸಾಯನಿಕಗಳಿಗೆ ಚಿನ್ನದ ಬೆಲೆ ಇತ್ತು. ಕಾರ್ಖಾನೆ ಸಿದ್ಧವಾಗುವ ಹೊತ್ತಿಗೆ ಯುದ್ಧ ಮುಗಿದು ಬೆಲೆ ಕುಸಿದಿತ್ತು. ಅದೇ 1923ರಲ್ಲಿ ಜರ್ಮನಿಯಲ್ಲಿ ಕಟ್ಟಿಗೆಯ ಹಂಗಿಲ್ಲದೆ ಅನಿಲದಿಂದ ಮಿಥೈಲ್ ಆಲ್ಕೋಹಾಲ್ ತಯಾರಿಸುವ ಕಾರ್ಖಾನೆಯೂ ಶುರುವಾಯಿತು. ಹುಟ್ಟಿದ ವರ್ಷದಲ್ಲೇ ಭದ್ರಾವತಿಯ ಲೆಕ್ಕಾಚಾರದ ಒಂದು ಕಾಲು ಮುರಿಯಿತು.

ನಷ್ಟದಲ್ಲಿದ್ದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಲು ವಿಶ್ವೇಶ್ವರಯ್ಯನವರೇ 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ನಡೆಸಿದರು. ಬೀಡು ಕಬ್ಬಿಣವನ್ನು ಹಾಗೆಯೇ ಮಾರುವ ಬದಲು ನೀರಿನ ಕೊಳವೆಗಳಾಗಿ ಎರಕಹೊಯ್ದು ಮಾರುವುದು ಲಾಭವೆಂದು ಕಂಡುಕೊಂಡದ್ದು ಆ ಕಾಲದ ದೊಡ್ಡ ಪಾಠ. 1936ರಲ್ಲಿ ಉಕ್ಕಿನ ಘಟಕ, ಅನಂತರ ಸಿಮೆಂಟು, ಉಕ್ಕು ತಯಾರಿಕೆಯಲ್ಲಿ ಬೆರೆಸುವ ಫೆರೋಸಿಲಿಕಾನ್ ಬಂದವು. ಕಿಟ್ಟವನ್ನು ಗುಡ್ಡೆ ಹಾಕುವ ಬದಲು ಸಿಮೆಂಟಿಗೆ ಬಳಸುವುದು, ಒಂದು ಘಟಕದ ಕಸವನ್ನು ಇನ್ನೊಂದಕ್ಕೆ ಉಣಿಸುವುದು, ಇದೇ ಭದ್ರಾವತಿ ಉಳಿದು ಬಂದ ದಾರಿ.

ಈ ಹಿನ್ನೆಲೆ ಇಟ್ಟುಕೊಂಡು ಊರೊಳಗೆ ನಡೆದರೆ ಪ್ರತಿಯೊಂದು ಬಡಾವಣೆಯೂ ಮಾತನಾಡತೊಡಗುತ್ತದೆ. ಹಳೇನಗರದಲ್ಲಿ 13ನೇ ಶತಮಾನದ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಮೂರು ಗರ್ಭಗುಡಿಗಳ ತ್ರಿಕೂಟ, ಗುಡಿ ನಿಂತಿರುವ ನಕ್ಷತ್ರಾಕಾರದ ಜಗತಿ. ಬೇಲೂರು–ಹಳೇಬೀಡಿನ ಜನಜಂಗುಳಿ ಇಲ್ಲಿಲ್ಲ, ಹೊರಗೋಡೆಯ ಶಿಲ್ಪಗಳನ್ನು ಒಂದೊಂದಾಗಿ ನಿಂತು ನೋಡಬಹುದು. ಇದು ಕಾರ್ಖಾನೆಗಿಂತ ಏಳು ಶತಮಾನ ಹಿಂದಿನ ಊರು. ನ್ಯೂಟೌನ್, ಜನ್ನಾಪುರ, ಹುತ್ತಾ ಕಾಲೊನಿಯ ಕಡೆಗೆ ಬಂದರೆ ಕಾರ್ಖಾನೆ ಕಟ್ಟಿದ ಊರು. ನೇರ ರಸ್ತೆಗಳು, ದೊಡ್ಡ ಮರಗಳ ನೆರಳು, ಒಂದೇ ಅಚ್ಚಿನ ಹೆಂಚಿನ ಮನೆಗಳು. ಹುದ್ದೆ ಏರಿದಂತೆ ಅಂಗಳ ದೊಡ್ಡದಾಗುತ್ತದೆ. ಕ್ವಾರ್ಟರ್ಸ್‌ನ ಅಳತೆಯಿಂದಲೇ ಅಲ್ಲಿ ವಾಸವಿದ್ದವರು ಕಾರ್ಖಾನೆಯಲ್ಲಿ ಯಾವ ಕೆಲಸದಲ್ಲಿದ್ದರೆಂದು ಊಹಿಸಬಹುದು. ಕೆಲಸ ಅರಸಿ ಬಂದ ತಮಿಳು, ತೆಲುಗು, ಉರ್ದು, ಮಲಯಾಳ ಮಾತನಾಡುವ ಕುಟುಂಬಗಳು ಮೂರು–ನಾಲ್ಕು ತಲೆಮಾರುಗಳಿಂದ ಇಲ್ಲಿಯವರೇ ಆಗಿದ್ದಾರೆ. ಹಳೆಯ ನಿವಾಸಿಯೊಬ್ಬರನ್ನು ಮಾತಿಗೆಳೆದರೆ ಶಿಫ್ಟಿನ ಸೈರನ್ನಿಗೆ ಮನೆಯ ಅಡುಗೆ, ಮಕ್ಕಳ ಶಾಲೆ, ಸಂತೆಯ ಹೊತ್ತು ಎಲ್ಲವೂ ಹೊಂದಿಕೊಂಡಿದ್ದ ದಿನಗಳನ್ನು ವಿವರಿಸುತ್ತಾರೆ. ಅವರ ಮಾತನ್ನು ಸಾವಧಾನದಿಂದ ಕೇಳಿ. ಈ ಪ್ರವಾಸದ ಅತ್ಯಂತ ಬೆಲೆಯುಳ್ಳ ಭಾಗ ಅದು.

ಅಂದಹಾಗೆ, ಮಲೆನಾಡಿನ ಒಂದು ಇಡೀ ಪೀಳಿಗೆಗೆ ಭದ್ರಾವತಿ ಎಂದರೆ ಮೊದಲು ರೇಡಿಯೋ. 675 ಕಿಲೋಹರ್ಟ್ಸ್‌ನ ಆಕಾಶವಾಣಿ ಭದ್ರಾವತಿ ಅಡಿಕೆ ತೋಟದ ಮನೆಗಳಲ್ಲಿ ಬೆಳಗನ್ನು ಆರಂಭಿಸುತ್ತಿತ್ತು. ಕಬ್ಬಿಣದ ಬಗ್ಗೆ ಏನೂ ತಿಳಿಯದವರಿಗೂ ಊರಿನ ಹೆಸರು ಪರಿಚಿತವಾದದ್ದು ಹೀಗೆ.

ಪೇಪರ್ ಟೌನ್ ಇನ್ನೊಂದು ಕಥೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಜನರ ಬಾಯಲ್ಲಿ ಎಂಪಿಎಂ, ಇದೇ ನದಿ ಮತ್ತು ಇದೇ ಕಾಡನ್ನು ನಂಬಿ ಬಂದದ್ದು. ಕಾಗದಕ್ಕೆ ಬಿದಿರು ಬೇಕು, ಅದಕ್ಕಿಂತ ಹೆಚ್ಚಾಗಿ ನೀರು ಬೇಕು: ನಾರನ್ನು ಬೇಯಿಸಲು, ತೊಳೆಯಲು, ತೇಲಿಸಿ ಹಾಳೆಯಾಗಿ ಹರಡಲು. ಮುಂದೆ ಇಲ್ಲಿ ಸುದ್ದಿಕಾಗದವೂ ತಯಾರಾಯಿತು, ಜೊತೆಗೊಂದು ಸಕ್ಕರೆ ಕಾರ್ಖಾನೆಯೂ ಬಂತು. ಕಬ್ಬು ಅರೆದು ಉಳಿದ ಸಿಪ್ಪೆ ಕಾಗದಕ್ಕೆ ನಾರು. ಕನ್ನಡದ ದಿನಪತ್ರಿಕೆಗಳನ್ನು ಹೊತ್ತ ಕಾಗದದಲ್ಲಿ ಭದ್ರೆಯ ನೀರೂ ಮಲೆನಾಡಿನ ಬಿದಿರೂ ಇದ್ದವೆಂಬುದು ಓದುಗರಿಗೆ ಹೊಳೆದಿರಲಿಕ್ಕಿಲ್ಲ.

ಎರಡನೆಯ ಉತ್ತರ ಬಂದದ್ದು ಜೋಗದಿಂದ. 1940ರ ದಶಕದ ಕೊನೆಗೆ ಶರಾವತಿಯ ವಿದ್ಯುತ್ತು ದೊರಕಿದಾಗ ಭದ್ರಾವತಿ ವಿದ್ಯುತ್ ಕುಲುಮೆಗಳತ್ತ ಹೊರಳಿತು. 1950ರ ದಶಕದ ಆರಂಭದಲ್ಲಿ ಅವು ಕೆಲಸ ಶುರುಮಾಡಿದವು. ಇಂಗಾಲದ ಎರಡು ಕೆಲಸಗಳನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಶಾಖ ಕೊಡುವ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡರೆ, ಇಂಗಾಲಕ್ಕೆ ಉಳಿಯುವುದು ಆಮ್ಲಜನಕ ತೆಗೆಯುವ ಕೆಲಸ ಮಾತ್ರ. ಇದ್ದಿಲಿನ ಬೇಡಿಕೆ ಗಣನೀಯವಾಗಿ ಇಳಿಯುತ್ತದೆ. ಕಾಡಿಗೆ ಸ್ವಲ್ಪ ಬಿಡುವು. ಆದರೆ ಈ ವಿಧಾನದಲ್ಲಿ ಒಂದು ಟನ್ ಕಬ್ಬಿಣಕ್ಕೆ ಎರಡು ಸಾವಿರ ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಜಲವಿದ್ಯುತ್ ಹೇರಳವಾಗಿ, ಅಗ್ಗವಾಗಿ ಇದ್ದಾಗ ಇದು ಅತ್ಯುತ್ತಮ ಉತ್ತರವಾಗಿತ್ತು. ಬೆಂಗಳೂರು ಬೆಳೆದು, ಹಳ್ಳಿಗಳಿಗೆ ತಂತಿ ಎಳೆದು, ಪಂಪ್‌ಸೆಟ್ಟುಗಳು ಹೆಚ್ಚಿ, ಮಳೆ ಕೈಕೊಟ್ಟ ವರ್ಷ ಇಡೀ ರಾಜ್ಯ ಕತ್ತಲಲ್ಲಿ ಕೂರುವಂತಾದ ಮೇಲೆ ಆ ಉತ್ತರವೂ ದುಬಾರಿಯಾಯಿತು.

ಕಾರ್ಖಾನೆ 1962ರಲ್ಲಿ ಕಂಪನಿಯಾಯಿತು. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆದು ವಿಶ್ವೇಶ್ವರಯ್ಯ ಐರನ್ ಅಂಡ್ ಸ್ಟೀಲ್ ಲಿಮಿಟೆಡ್, ಅಂದರೆ ವಿಐಎಸ್ಎಲ್ ಆಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. 1990ರ ದಶಕದಲ್ಲಿ ಮೂರನೆಯ ಉತ್ತರವಾಗಿ ಕೋಕ್ ಬಳಸುವ ಹೊಸ ಊದುಕುಲುಮೆ ಬಂತು. ಆರಂಭದಲ್ಲಿ ಯಾವುದು ಅಸಾಧ್ಯವೆನಿಸಿತ್ತೋ ಅದಕ್ಕೇ ಊರು ಮರಳಿತು, ದೂರದಿಂದ ತಂದ ಕೋಕಿಗೆ.

ಏಕೆ ಮರಳಬೇಕಾಯಿತು? ಗಾತ್ರದ ಕಾರಣಕ್ಕೆ. ಊದುಕುಲುಮೆ ಎತ್ತರವಾದಷ್ಟೂ ಮಿತವ್ಯಯಿ. ಆದರೆ ಎತ್ತರದ ಕುಲುಮೆಯಲ್ಲಿ ಅದಿರಿನ ಭಾರಕ್ಕೆ ಇದ್ದಿಲು ಹಪ್ಪಳದಂತೆ ಪುಡಿಯಾಗಿ ಗಾಳಿಯ ದಾರಿ ಮುಚ್ಚಿಬಿಡುತ್ತದೆ. ಕೋಕ್ ಆ ಭಾರ ತಡೆಯುತ್ತದೆ. ಇದ್ದಿಲಿನ ಕುಲುಮೆ ಎಂದಿಗೂ ಸಣ್ಣದಾಗಿಯೇ ಇರಬೇಕು, ಸಣ್ಣ ಕುಲುಮೆಯ ಕಬ್ಬಿಣ ದೊಡ್ಡದರ ಬೆಲೆಯ ಮುಂದೆ ನಿಲ್ಲುವುದಿಲ್ಲ. ಭದ್ರಾವತಿ ವರ್ಷಕ್ಕೆ ಒಂದು ಲಕ್ಷ ಟನ್ನಿನ ಆಸುಪಾಸಿನ ಕಾರ್ಖಾನೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಅದಿರಿನ ಪಕ್ಕದಲ್ಲೇ ಎದ್ದ ಖಾಸಗಿ ಕಾರ್ಖಾನೆಯ ಸಾಮರ್ಥ್ಯ ಕೋಟಿ ಟನ್ ದಾಟಿದೆ. ಭದ್ರಾವತಿಗೆ ಉಳಿದದ್ದು ಗುಣಮಟ್ಟ: ಮಿಶ್ರಲೋಹದ ಉಕ್ಕು, ಬಡಿದು ರೂಪಿಸಿದ ಭಾರೀ ಬಿಡಿಭಾಗಗಳು. ವಾಹನ, ರೈಲ್ವೆ, ರಕ್ಷಣಾ ಕ್ಷೇತ್ರಗಳಿಗೆ ಬೇಕಾದ ಅಂಥ ಉಕ್ಕನ್ನು ಮಾಡುವ ಕೈಗಳು ಇಲ್ಲಿದ್ದವು.

ಆದರೆ ಸ್ವಂತ ಗಣಿ ಇಲ್ಲವಾಯಿತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತಿತು, ಕಾಡಿನ ದೃಷ್ಟಿಯಿಂದ ಅದು ನಿಲ್ಲಲೇಬೇಕಿತ್ತು. ಸಂಡೂರಿನ ರಾಮನದುರ್ಗದಲ್ಲಿ ಅದಿರು ಕೊಡಿಸುವ ಪ್ರಯತ್ನ ಕಡತಗಳಲ್ಲಿ ಸುತ್ತಿತೇ ಹೊರತು ಒಂದು ಲಾರಿ ಅದಿರಾಗಿ ಕಾರ್ಖಾನೆಗೆ ಬರಲಿಲ್ಲ. ಇಲ್ಲೊಂದು ವಿಷಾದದ ಸಂಗತಿಯಿದೆ. ಇದೇ ಭದ್ರೆಯ ಮೇಲ್ದಂಡೆಯ ಕುದುರೆಮುಖದಲ್ಲಿ ದಶಕಗಳ ಕಾಲ ಭಾರೀ ಗಣಿಗಾರಿಕೆ ನಡೆಯಿತು. ಅಲ್ಲಿನ ಅದಿರು ಕಡಿಮೆ ಸತ್ವದ ಮ್ಯಾಗ್ನಟೈಟ್. ಅದನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನಿಂದ ಹಡಗು ಹತ್ತಿಸಲಾಯಿತು. 2005ರ ಡಿಸೆಂಬರ್ 31ರಂದು ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿ ಮುಚ್ಚುವವರೆಗೆ, ನದಿಯ ತಲೆಯಲ್ಲಿನ ಕಬ್ಬಿಣ ಸಮುದ್ರದ ಕಡೆಗೂ ಅದರ ಕೆಂಪು ಹೂಳು ನದಿಯ ಕಡೆಗೂ ಹೋದವು.

ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಹಳತಾದ ಯಂತ್ರ, ಆಮದು ಸುದ್ದಿಕಾಗದದ ಪೈಪೋಟಿ, ದುಡಿಯುವ ಬಂಡವಾಳದ ಕೊರತೆ ಒಟ್ಟಾಗಿ ಅದನ್ನು ಕೆಡವಿದವು. ವಿಐಎಸ್ಎಲ್ ಅನ್ನು ಮಾರುವ ತಾತ್ವಿಕ ಒಪ್ಪಿಗೆ 2016ರಲ್ಲಿ ಬಂತು, ಕೊಳ್ಳುವವರು ಬರಲಿಲ್ಲ. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಮುಚ್ಚುವ ನಿರ್ಧಾರ ಹೊರಬಿತ್ತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ದ್ವಾರದ ಎದುರು ತಿಂಗಳುಗಟ್ಟಲೆ ಧರಣಿ ಕುಳಿತರು. ಆ ವರ್ಷದ ಆಗಸ್ಟ್‌ನಲ್ಲಿ ಬೇರೆ ಉಕ್ಕು ಸ್ಥಾವರದ ದಿಮ್ಮಿಗಳನ್ನು ತರಿಸಿ ಸರಳು ಎಳೆಯುವ ಘಟಕವನ್ನು ಮತ್ತೆ ನಡೆಸಲಾಯಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಕಾರ್ಖಾನೆಗೆ ಭೇಟಿ ಕೊಟ್ಟು ಪುನಶ್ಚೇತನದ ಮಾತನಾಡಿದರು. ಅದಿರು ಎಲ್ಲಿಂದ, ಕೋಕ್ ಯಾವ ಬೆಲೆಗೆ, ಯಾವ ಗಾತ್ರದ ಕುಲುಮೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಯಾವ ಪುನಶ್ಚೇತನವೂ ನಿಲ್ಲಲಾರದು. ಅದನ್ನು ಗಟ್ಟಿಯಾಗಿ ಕೇಳುವ ಹಕ್ಕು ಭದ್ರಾವತಿಯವರಿಗೆ ಬೇರೆಲ್ಲರಿಗಿಂತ ಹೆಚ್ಚಾಗಿದೆ.

ಇನ್ನು ನದಿ. ಭದ್ರಾ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ, ತುಂಗಾ ಮತ್ತು ನೇತ್ರಾವತಿಯ ನೆರೆಯಲ್ಲೇ. ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಜಲಾಶಯ ಸೇರುತ್ತದೆ. 1965ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಸಾಮರ್ಥ್ಯ 71.5 ಟಿಎಂಸಿ. ಮಳೆಗಾಲದಲ್ಲಿ ನೀರಿನ ಮಟ್ಟ 186 ಅಡಿ ಮುಟ್ಟಿತೇ ಎಂದು ದಾವಣಗೆರೆಯ ಭತ್ತದ ರೈತರು ದಿನವೂ ಪತ್ರಿಕೆಯಲ್ಲಿ ನೋಡುತ್ತಾರೆ. ಅಣೆಕಟ್ಟಿನ ಕೆಳಗೆ ಗೋಂದಿಯ ಒಡ್ಡು, ಅನಂತರ ಭದ್ರಾವತಿ. ಊರಿನ ಮೇಲ್ಭಾಗದಲ್ಲಿ ತಿಳಿಯಾಗಿ ಬರುವ ನೀರು ಊರು ದಾಟುವಾಗ ಚರಂಡಿಗಳನ್ನೂ, ದಶಕಗಳ ಕಾಲ ಕಾರ್ಖಾನೆಯ ತ್ಯಾಜ್ಯವನ್ನೂ ಹೊತ್ತುಕೊಂಡಿತು. ಭದ್ರಾವತಿಯಿಂದ ಹೊಳೆಹೊನ್ನೂರಿನವರೆಗಿನ ಹರಿವು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಲಿನ ನದಿಭಾಗಗಳ ಪಟ್ಟಿಯಲ್ಲಿ ಸೇರಿದೆ. ಕಾಗದ ಕಾರ್ಖಾನೆ ನಿಂತು ವರ್ಷಗಳಾದ ಮೇಲೂ ಸೇರಿದ್ದರೆ, ಎಲ್ಲ ತಪ್ಪನ್ನೂ ಚಿಮಣಿಗಳ ಮೇಲೆ ಹೊರಿಸುವಂತಿಲ್ಲ. ಊರಿನ ಕೊಳಚೆ ನೀರನ್ನು ಶುದ್ಧೀಕರಿಸದೆ ಬಿಡುವ ಅಭ್ಯಾಸದ್ದೂ ಪಾಲಿದೆ.

ಹೋಗುವ ಮನಸ್ಸಿದ್ದರೆ ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೆಂಗಳೂರು–ಶಿವಮೊಗ್ಗ ಮಾರ್ಗದ ಹೆಚ್ಚಿನ ರೈಲುಗಳು ಭದ್ರಾವತಿಯಲ್ಲಿ ನಿಲ್ಲುತ್ತವೆ, ಶಿವಮೊಗ್ಗದಿಂದ ಬಸ್ಸುಗಳಿಗೆ ಬರವಿಲ್ಲ. ಕಾರ್ಖಾನೆಯ ಒಳಗೆ ಅನುಮತಿಯಿಲ್ಲದೆ ಬಿಡುವುದಿಲ್ಲ. ಹೊರಗಿನ ರಸ್ತೆಗಳಲ್ಲಿ ನಡೆದರೂ ಅದರ ವಿಸ್ತಾರ ಅರಿವಾಗುತ್ತದೆ. ಒಂದು ದಿನ ಊರಿಗೆ, ಒಂದು ದಿನ ಬೆಟ್ಟಕ್ಕೆ ಇಟ್ಟುಕೊಳ್ಳಿ. ಬೆಟ್ಟಕ್ಕೆ ಹೋಗದೆ ಬಂದರೆ ಅರ್ಧ ನೋಡಿದಂತೆ. ತರೀಕೆರೆ, ಲಿಂಗದಹಳ್ಳಿಯ ಮೂಲಕ ಕೆಮ್ಮಣ್ಣುಗುಂಡಿ ಏರಿದರೆ 1,400 ಮೀಟರಿಗೂ ಎತ್ತರದಲ್ಲಿ ನಾಲ್ವಡಿಯವರ ಬೇಸಿಗೆಯ ನೆಲೆಯೂ ತೋಟಗಾರಿಕೆ ಇಲಾಖೆಯ ಉದ್ಯಾನವೂ ಇವೆ. ಪ್ರವಾಸಿಗರು ಝಡ್ ಪಾಯಿಂಟಿಗೆ, ಹೆಬ್ಬೆ ಜಲಪಾತಕ್ಕೆ ಓಡುತ್ತಾರೆ. ನೀವು ಅದಿರು ತೆಗೆದ ಕೆಂಪು ಗುಡ್ಡಗಳನ್ನೂ ನೋಡಿ. ಅದೇ ಬೆಟ್ಟದಿಂದ ಬಗೆದ ಕಲ್ಲು ಕೆಳಗಿನ ಊರಾಯಿತು. ಇನ್ನೊಂದು ದಿಕ್ಕಿನಲ್ಲಿ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದ ಮೂಲಕ ಲಕ್ಕವಳ್ಳಿಗೆ ಹೋದರೆ ಜಲಾಶಯ, ಅದರಾಚೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಹೊಳೆಹೊನ್ನೂರಿನ ಬಳಿಯ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತವೆ.

ಈ ದಾರಿಗಳಲ್ಲಿ ಕಿಟಕಿಯಾಚೆ ಸಾಲು ಹಿಡಿದು ನಿಂತ ಅಕೇಶಿಯಾ ತೋಪುಗಳು ಕಾಣುತ್ತವೆ. ಅವೂ ಭದ್ರಾವತಿಯ ಕಥೆಯ ಭಾಗವೇ. ಕಾಗದ ಕಾರ್ಖಾನೆಗೆ ಮರ ಬೆಳೆಯಲೆಂದು 1980ರಲ್ಲಿ ಶಿವಮೊಗ್ಗ ಸುತ್ತಲಿನ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಡಲಾಗಿತ್ತು. ಅಕೇಶಿಯಾದ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ದನಕ್ಕೆ ಮೇವಿಲ್ಲ, ಹಣ್ಣಿಲ್ಲದ ಕಾಡಿನಿಂದ ಮಂಗಗಳು ತೋಟಕ್ಕೆ ಬರುತ್ತವೆ ಎಂಬುದು ಅಲ್ಲಿನ ಹಳ್ಳಿಗಳ ದೂರು. 2020ರಲ್ಲಿ ಗುತ್ತಿಗೆ ಮುಗಿದಾಗ, ಕಾರ್ಖಾನೆ ಮುಚ್ಚಿದ್ದರೂ ಅದನ್ನು ಮತ್ತೆ 40 ವರ್ಷ ಮುಂದುವರಿಸಲು ಸರ್ಕಾರ ಹೊರಟದ್ದಕ್ಕೆ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ಎದ್ದಿತು. ಭೂಮಿಯನ್ನು ಅರಣ್ಯ ಇಲಾಖೆಗೆ ಮರಳಿಸಿ ಸಹಜ ಕಾಡು ಬೆಳೆಯಲು ಬಿಡಬೇಕು ಎಂಬುದು ಅದರ ಬೇಡಿಕೆ. ಕಾರ್ಖಾನೆಯನ್ನು ಮತ್ತೆ ನಡೆಸಬೇಕಾದರೆ ಮರ ಬೇಕೇಬೇಕು ಎನ್ನುವವರು ಪೇಪರ್ ಟೌನಿನಲ್ಲಿದ್ದಾರೆ, ಅವರ ಕೆಲಸ ಹೋದದ್ದೂ ನಿಜ. ಬೆಟ್ಟದ ಕಡೆಗೆ ಹೋಗುವಾಗ ತೋಪಿನ ಪಕ್ಕದ ಒಂದು ಹಳ್ಳಿಯಲ್ಲಿ ಬಸ್ ಇಳಿದು ಚಹಾ ಕುಡಿಯುತ್ತ ಈ ತೋಪುಗಳು ಬೇಕೇ ಬೇಡವೇ ಎಂದು ಕೇಳಿ, ಊರಿಗೆ ಮರಳಿದ ಮೇಲೆ ಪೇಪರ್ ಟೌನಿನಲ್ಲೂ ಅದೇ ಪ್ರಶ್ನೆ ಕೇಳಿ ನೋಡಿ.